ಬಾಡಿಗೆ ಕೊಡೆಗೆ ಮೂವರ ಅಭಿಪ್ರಾಯ

ನನಗೊಂದು ಚಟವಿದೆ. ಬೀಡಿ, ಇಸ್ಪೀಟು ಆಗಿದ್ದರೆ ಮನೆಯವರು ಬೈದು ಬಿಡಿಸುತ್ತಿದ್ದರು. ಇದು ಬೈದರೆ ಹೆಚ್ಚಾಗುವ ಚಟ. ಬೈದವರ ಧಾಟಿಯೂ ಸಂಗ್ರಹಕ್ಕೆ ಸೇರಿಕೊಳ್ಳುತ್ತದೆ. ಎದುರಿಗೆ ಯಾರಾದರೂ ಮಾತಿಗೆ ನಿಂತರೆ ನನ್ನ ಕಿವಿ ಅವರ ದನಿಯನ್ನು ಒಳಗೆ ಕರೆದು ಕೂರಿಸಿ, ಮಾತನ್ನು ಜಗಲಿಯಲ್ಲೇ ಬಿಟ್ಟುಬಿಡುತ್ತದೆ. ಶಾಲೆಯಲ್ಲಿ ಲೆಕ್ಕದ ಮಾಸ್ತರರು ಪಾಠ ಮಾಡುತ್ತಿದ್ದ ರೀತಿಯನ್ನು ಕೆಮ್ಮಿನ ಸಮೇತ ಇವತ್ತಿಗೂ ಮಾಡಿ ತೋರಿಸಬಲ್ಲೆ; ಭಿನ್ನರಾಶಿ ಮಾತ್ರ ಬರುವುದಿಲ್ಲ. ಮದುವೆಮನೆಗಳಲ್ಲಿ ಈ ವಿದ್ಯೆಗೆ ಎರಡನೆಯ ಸಲ ಪಾಯಸ ಸಿಗುತ್ತದೆ. ವ್ಯಾಪಾರದಲ್ಲಿ ಏನು ಸಿಗುತ್ತದೆಂದು ಕಳೆದ ಮಳೆಗಾಲದಲ್ಲಿ ತಿಳಿಯಿತು.

ಬಂಟ್ವಾಳ ಪೇಟೆಯಲ್ಲಿ ನನ್ನ ಸೋದರಮಾವ ಮಂಜಯ್ಯ ಶೆಟ್ಟರಿಗೆ ರಸ್ತೆಗೆ ಬಾಗಿಲಿರುವ ಒಂದು ಖಾಲಿ ಕೋಣೆಯಿದೆ. ನಮ್ಮದು ಅಳಿಯಸಂತಾನದ ಮನೆ, ಯಜಮಾನಿಕೆ ಸೋದರಮಾವನದು. ಅಪ್ಪ ಬೈದರೆ ಅಂಗಳ ದಾಟಿ ಓಡಬಹುದು. ಮಾವ ಬೈದರೆ ಆ ಅಂಗಳವೂ ಅವರದೇ. ಇಂಥ ಮಾವ ನನ್ನ ಭವಿಷ್ಯವನ್ನು ಆಗಲೇ ಗೊತ್ತುಮಾಡಿದ್ದರು: ಅವರ ಸ್ನೇಹಿತರೊಬ್ಬರ ಬಸ್ಸುಗಳಿಗೆ ಏಜೆಂಟನಾಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ದಿನವಿಡೀ "ಬೆಳ್ತಂಗಡಿ, ಉಜಿರೆ, ಕಕ್ಕಿಂಜೆ" ಎಂದು ಕೂಗುವುದು. ಹತ್ತಾರು ದನಿಗಳ ಒಡೆಯನಾದ ನಾನು ಮೂರು ಊರುಗಳ ಹೆಸರು ಕೂಗಿಕೊಂಡು ಮುದುಕನಾಗುವುದೇ? ಆ ಅವಮಾನದ ಬಿಸಿಯಲ್ಲೇ ನನ್ನ ಯೋಜನೆ ಹುಟ್ಟಿತು.

ಯೋಜನೆ ಇಷ್ಟು. ನಮ್ಮಲ್ಲಿ ಮಳೆ ಹೇಳಿ ಬರುವುದಿಲ್ಲ. ಬಂದರೆ ಹೇಳಿದರೂ ಹೋಗುವುದಿಲ್ಲ. ಬಸ್ಸಿಳಿದವರು ಅಂಗಡಿಗಳ ಮಾಡಿನಡಿ ಕೋಳಿಗಳ ಹಾಗೆ ಮುದುಡಿ ನಿಂತಿರುತ್ತಾರೆ. ಅವರಿಗೆಲ್ಲ ಬಾಡಿಗೆಗೆ ಕೊಡೆ ಕೊಟ್ಟರೆ? ಬಂಟ್ವಾಳದಲ್ಲಿ ತೆಗೆದುಕೊಂಡದ್ದನ್ನು ಬೆಳ್ತಂಗಡಿಯಲ್ಲೋ ಮೂಡುಬಿದಿರೆಯಲ್ಲೋ ಹಿಂತಿರುಗಿಸಿದರಾಯಿತು. ಇದನ್ನು ಹೇಳಿ ಕೋಣೆ ಕೇಳಿದಾಗ ಮಾವ, "ಈಗ ಆಟಿ ತಿಂಗಳು. ಹೊಸ ಕೆಲಸ ಹೇಗೂ ಶುರುಮಾಡುವ ಹಾಗಿಲ್ಲ. ಅಂಗಡಿಗೆ ಬಾಗಿಲಿಗಿಂತ ಮೊದಲು ನಾಲ್ಕು ಜನರ ಪರಿಚಯ ಬೇಕು. ನೀನು ಹೇಳಿದ ಮೂರು ಊರಲ್ಲೂ ತಿಳಿದವರೊಬ್ಬರನ್ನು ಕೇಳಿಕೊಂಡು ಬಾ. ಮೂವರೂ ಸರಿ ಹೇಳಿದ್ರೆ ಬೀಗದ ಕೈ ಕೊಡ್ತೇನೆ. ಇಲ್ಲದಿದ್ರೆ ಬರುವ ಸೋಣ ತಿಂಗಳಿಂದ ಬಸ್‌ಸ್ಟ್ಯಾಂಡ್" ಎಂದರು.

ಬರೀ ಬಾಯಿಮಾತಿನಿಂದ ಅಭಿಪ್ರಾಯ ಕೇಳಿದರೆ ಯಾರ ಮನಸ್ಸಿಗೆ ತಟ್ಟುತ್ತದೆ? ಮಾದರಿಗೆಂದು ಎರಡು ಕೊಡೆ ಹಿಡಿದುಕೊಂಡೆ. ಒಂದು ಅಮ್ಮನದು. ಇನ್ನೊಂದು, ಮಾದರಿ ಎಂದ ಮೇಲೆ ಚೆನ್ನಾಗಿರಬೇಡವೇ ಎಂದು, ಮಾವನ ಹೊಸ ಕೊಡೆ, ಬೆತ್ತದ ಹಿಡಿ, ಬಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ "ಮಂ. ಶೆ." ಎಂಬ ಅಕ್ಷರ. ಮಾವ ಕಾಲು ನೋವೆಂದು ಹೊರಗೆ ಹೊರಡುತ್ತಿರಲಿಲ್ಲ. ಅವರನ್ನು ಕೇಳಿ ತೊಂದರೆ ಕೊಡುವುದು ನನಗೆ ಸರಿಕಾಣಲಿಲ್ಲ.

ಮೊದಲು ನಮ್ಮ ಪೇಟೆಯಲ್ಲೇ ಹೋಟೆಲಿನ ರಾಮಣ್ಣ ಭಟ್ಟರು. ಅವರು ಮೂಗಿನಲ್ಲಿ ಮಾತಾಡುತ್ತಾರೆ. ಬಾಯಿಯನ್ನು ಊಟಕ್ಕೆಂದು ಉಳಿಸಿಕೊಂಡಿರಬೇಕು. ನಾನು ಯಾರ ಸೋದರಳಿಯ, ನನಗೆ ಮದುವೆ ಯಾವಾಗ ಎಂದೆಲ್ಲ ವಿಚಾರಿಸಿ ಮುಗಿಸಿ, "ಒಳ್ಳೇದುಂಟು ಮಾಣಿ, ಒಳ್ಳೇದುಂಟು" ಎಂದರು. ಅಷ್ಟರಲ್ಲಿ ಮಳೆ ಜೋರಾಯಿತು. ದೇವಸ್ಥಾನಕ್ಕೆ ಹೋಗಿಬರುತ್ತೇನೆ, ಮಳೆ ಬಿಡಲಿ, ಕೊಡ್ತೇನೆ ಎಂದು ಅಮ್ಮನ ಕೊಡೆ ಬಿಚ್ಚಿಕೊಂಡು ಹೊರಟೇಹೋದರು. ಗಿರಾಕಿ ಮಾಲನ್ನು ಮೆಚ್ಚಿದನೆಂದು ನಾನು ಹಿಗ್ಗಿದೆ.

ಬೆಳ್ತಂಗಡಿಯಲ್ಲಿ ಬಟ್ಟೆ ವ್ಯಾಪಾರದ ಮೊಯ್ದೀನ್ ಸಾಹುಕಾರರು. ಅವರು ಮಾವನ ಕೊಡೆಯ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಒಂದೊಂದು ಮಾತನ್ನೂ ಗಜಕಡ್ಡಿಯಿಂದ ಅಳೆದು ಕತ್ತರಿಸಿದ ಹಾಗೆ ಆಡತೊಡಗಿದರು. ಮಾತಿಗೊಮ್ಮೆ "ಅಲ್ಲ ಮೋನೇ", ಅಂದರೆ ಅಲ್ಲ ಮಗನೇ, ಎಂದು ತಲೆ ಓರೆಮಾಡುವುದು, ನಡುವೆ ಎಲೆಯಡಿಕೆಯನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ಸಾಗಿಸುವುದು. ಆಹಾ, ಏನು ಶೈಲಿ! ಅರ್ಧ ಗಂಟೆ ಕೂತು ಎಲ್ಲವನ್ನೂ ಕಂಠಪಾಠ ಮಾಡಿಕೊಂಡು ಬಂದೆ.

ಮೂಡುಬಿದಿರೆಯ ಜಿನರಾಜ ಮಾಸ್ತರರು ನಿವೃತ್ತ ಹೆಡ್‌ಮಾಸ್ತರು. ಉಳಿದಿಬ್ಬರು ಏನೆಂದರು ಎಂದು ಅವರು ಕೇಳಿದ್ದೇ ತಡ, ಇಬ್ಬರನ್ನೂ ಮಾಡಿ ತೋರಿಸಿದೆ. ಮಾಸ್ತರರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅತ್ಯುತ್ತಮ ತಮ್ಮಾ, ಅತ್ಯುತ್ತಮ. ಸಾಹುಕಾರರದ್ದು ಇನ್ನೊಮ್ಮೆ ಮಾಡು" ಎಂದರು. 'ಅತ್ಯುತ್ತಮ' ಎಂದದ್ದು ಯೋಜನೆಗೋ ಅನುಕರಣೆಗೋ ಎಂದು ವಿಚಾರಿಸುವಷ್ಟು ಮೂರ್ಖ ನಾನಲ್ಲ. ಅವರ ಅಳಿಯ ಕಾರ್ಕಳಕ್ಕೆ ಹೊರಟು ನಿಂತಿದ್ದ. ಮಾವನ ಕೊಡೆ ಅವನ ಜತೆ ಹೋಯಿತು. ಮಳೆ ಬಿಟ್ಟ ಕೂಡಲೇ ಕಳಿಸುತ್ತಾರಂತೆ.

ಮನೆಗೆ ಬಂದವನು ಮಾವನೆದುರು ವರದಿಗೆ ನಿಂತೆ. ಭಟ್ಟರನ್ನು ಮಾಡಿದೆ, ಒಳಗಿನಿಂದ ಅಮ್ಮ ನಕ್ಕದ್ದು ಕೇಳಿಸಿತು. ಮಾಸ್ತರರನ್ನು ಮಾಡಿದೆ. ಕೊನೆಗೆ ತುರುಪಿನೆಲೆಯಂತೆ ಸಾಹುಕಾರರನ್ನು ಇಳಿಸಿದೆ. ತಲೆ ಓರೆಮಾಡಿ, ಇಲ್ಲದ ಎಲೆಯಡಿಕೆಯನ್ನು ಕೆನ್ನೆಯಿಂದ ಕೆನ್ನೆಗೆ ದಾಟಿಸಿ ಹೇಳಿದೆ:

"ಅಲ್ಲ ಮೋನೇ, ಕೊಡೆ ಕೊಂಡುಹೋಗುವವ ಮಳೆಯಲ್ಲಿ ಹೋಗ್ತಾನೆ. ವಾಪಸು ಕೊಡುವವ ಬಿಸಿಲಲ್ಲಿ ಬರ್ಬೇಕು. ಬಿಸಿಲಲ್ಲಿ ಕೊಡೆಯ ನೆನಪು ಯಾರಿಗುಂಟು? ಇದು ಬಾಡಿಗೆ ಅಲ್ಲ ಮೋನೇ, ದಾನ. ಬೇಡ."

ಮಾವ ನಗಲಿಲ್ಲ.

"ಈಗ ಎಂಥ ಹೇಳಿದೆ?" ಎಂದರು.

"ಸಾಹುಕಾರರು ಹೇಳಿದ್ದು ಮಾವ."

"ಅವರು ಹೇಳಿದ್ದು ನನಗೆ ಕೇಳಿತು. ನಿನಗೆ ಕೇಳಿತಾ ಮಾರಾಯ?"

ಆಣೆಮಾಡಿ ಹೇಳುತ್ತೇನೆ, ಆ ಮಾತು ನನಗೆ ಕೇಳಿಸಿದ್ದು ಆ ಕ್ಷಣದಲ್ಲಿ. ಅದೂ ನನ್ನದೇ ಬಾಯಿಂದ. ಅಷ್ಟು ದೂರ ಬಸ್ಸಿನಲ್ಲಿ ಹೊತ್ತು ತಂದ ಬುದ್ಧಿವಾದವನ್ನು ದಾರಿಯಲ್ಲೊಮ್ಮೆಯೂ ಬಿಚ್ಚಿ ನೋಡಿರಲಿಲ್ಲ. ಮಾವ ಎದ್ದರು. ಕಾಲುನೋವು ಇವತ್ತು ಪರವಾಗಿಲ್ಲ, ಪೇಟೆಗೆ ಹೋಗಿಬರುತ್ತೇನೆ ಎಂದು ಬಾಗಿಲ ಹಿಂದೆ ಕೈಹಾಕಿದರು. ಅಲ್ಲಿ ಗೋಡೆ ಮಾತ್ರ ಇತ್ತು.

"ನನ್ನ ಕೊಡೆ ಎಲ್ಲುಂಟು?"

ಆ ದನಿಯನ್ನು ಮಾತ್ರ ನಾನು ಇವತ್ತಿನವರೆಗೆ ಯಾರೆದುರೂ ಮಾಡಿ ತೋರಿಸಿಲ್ಲ.

ಆಮೇಲೆ ಕೊಡೆ ಹುಡುಕಲು ಹೋದೆ. ಅಮ್ಮನದು ಭಟ್ಟರ ಭಾವನೊಂದಿಗೆ ವಾಮದಪದವಿಗೆ ಹೋಗಿತ್ತು. ಮಾವನದು ಕಾರ್ಕಳವನ್ನೂ ದಾಟಿತ್ತು. ಸೋಣ ತಿಂಗಳ ಮೊದಲ ದಿನವೇ ನಾನು ಬಸ್‌ಸ್ಟ್ಯಾಂಡಿನಲ್ಲಿ ನಿಂತೆ. ಒಪ್ಪಲೇಬೇಕಾದ ಮಾತೆಂದರೆ, ನನ್ನಷ್ಟು ಬಗೆಯಲ್ಲಿ ಕಕ್ಕಿಂಜೆಯನ್ನು ಕೂಗುವ ಏಜೆಂಟ್ ಈ ದಾರಿಯಲ್ಲಿ ಇನ್ನೊಬ್ಬನಿಲ್ಲ. ಭಟ್ಟರ ಮೂಗಿನಲ್ಲಿ ಕೂಗಿದರೆ ಬಸ್ಸು ಬೇಗ ತುಂಬುತ್ತದೆ.

ಜನ ಬಸ್ಸಿನಲ್ಲಿ ಮರೆತ ಕೊಡೆಗಳೆಲ್ಲ ನನ್ನ ಮೇಜಿನ ಹಿಂದೆ ಬಂದು ನಿಲ್ಲುತ್ತವೆ. ಮೊನ್ನೆ ಮೂಡುಬಿದಿರೆಯ ಬಸ್ಸಿನ ಕಂಡಕ್ಟರ್ ಒಂದನ್ನು ತಂದುಕೊಟ್ಟ. ಬೆತ್ತದ ಹಿಡಿ, ಬಟ್ಟೆಯ ಮೇಲೆ ಮಾಸಿದ ಬಿಳಿ ಅಕ್ಷರ: ಮಂ. ಶೆ. ಸಂಜೆ ಮಳೆ ಹೊಯ್ಯುತ್ತಿತ್ತು. ಅದನ್ನೇ ಬಿಚ್ಚಿಕೊಂಡು ಮನೆಗೆ ಹೋದೆ. ಜಗಲಿಯಲ್ಲಿ ಕೂತ ಮಾವನ ಕಣ್ಣಿಗೆ ಬೀಳದಂತೆ ಹಿಂಬಾಗಿಲಿನಿಂದ. ಅವರಿಗೆ ಕೊಡಬಾರದೆಂದೇನಿಲ್ಲ. ಆದರೆ ದಿನಾ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ನಾನು ನೆನೆದುಕೊಂಡು ಹೋಗಲಿಕ್ಕಾಗುತ್ತದೆಯೇ?

ಮಳೆ ಬಿಡಲಿ, ಕೊಡ್ತೇನೆ.