ಮಾವನ ಕಾರಿಗೆ ಒಂದನೇ ನಂಬರ್ ಎಣ್ಣೆ

ಕಂದು ಕಾಗದದ ಹೊದಿಕೆ ಹಾಕದೆ ಯಾವ ವಸ್ತುವನ್ನೂ ಕಪಾಟಿನಲ್ಲಿಡಬಾರದು ಎಂಬುದು ಗ್ರಂಥಪಾಲಕರ ಇಪ್ಪತ್ತು ವರ್ಷಗಳ ನಿಯಮ. ಲೈಬ್ರರಿಯಲ್ಲಿ ಪುಸ್ತಕಕ್ಕೆ ಹಾಕುತ್ತಿದ್ದರು. ಮನೆಯಲ್ಲಿ ಉಪ್ಪಿನ ಡಬ್ಬಕ್ಕೂ ಹಾಕುತ್ತಿದ್ದರು. ಎಂಜಿನ್ ಎಣ್ಣೆಯ ಎರಡು ಡಬ್ಬಗಳು ಮನೆಗೆ ಬಂದಾಗ ಅವಕ್ಕೂ ಅಂಗಿ ತೊಡಿಸಿ, ಬೆನ್ನಿಗೆ ಚೀಟಿ ಅಂಟಿಸಿ, ಒಂದು, ಎರಡು ಎಂದು ದುಂಡಗೆ ಬರೆದರು. ಮುಂದಿನ ಅವಾಂತರಕ್ಕೆಲ್ಲ ಈ ಅಂಗಿಯೇ ಮೂಲ.

ಕಾರು ಅವರದ್ದಲ್ಲ, ಮಾವನದ್ದು. ಮೂರು ತಿಂಗಳ ಹಿಂದೆ ಅದನ್ನು ಮಗಳ ಮನೆಯಲ್ಲಿ ಬಿಟ್ಟು ಹೋಗುವಾಗ ಮಾವ ಅಳಿಯನ ಭುಜ ಅದುಮಿ ಹೇಳಿದ್ದರು: “ಅಳಿಯಂದ್ರೇ, ಇದು ನನ್ನ ಹಿರೀ ಮಗ ಇದ್ದಂಗೆ. ಇದಕ್ಕೇನಾದ್ರೂ ಹೆಚ್ಚುಕಮ್ಮಿ ಆಯ್ತೋ, ನಾನೇ ಬಂದು ನಿಮ್ಮನೇಲಿ ಇದ್ದು ನೋಡ್ಕೋತೀನಿ.”

ಮಾವ ಬಂದು ಇರುವುದೆಂದರೇನು ಎಂದು ಗ್ರಂಥಪಾಲಕರಿಗೆ ಹೋದ ಸಲವೇ ತಿಳಿದಿತ್ತು. ಬೆಳಿಗ್ಗೆ ಐದಕ್ಕೆ ರೇಡಿಯೊ, ಆರಕ್ಕೆ ಉಪದೇಶ. ಓದುವ ಕೋಣೆ ಮಾವನಿಗೆ, ಹಜಾರದ ಚಾಪೆ ಅಳಿಯನಿಗೆ. ರಾತ್ರಿ ಗೋಡೆಯ ಕ್ಯಾಲೆಂಡರ್ ಹಾಳೆ ಹಾರುವಂಥ ಗೊರಕೆ.

ಹೆಚ್ಚುಕಮ್ಮಿ ಆಗಿಯೇ ಹೋಗಿತ್ತು. ಕಾರಿಗೆ ಪೆಟ್ರೋಲಲ್ಲದೆ ಎಣ್ಣೆಯೂ ಬೇಕೆಂಬ ಅಧ್ಯಾಯವನ್ನು ಓದದ ಗ್ರಂಥಪಾಲಕರ ಕೈಯಲ್ಲಿ ಎಂಜಿನ್ ಎರಡೇ ವಾರಕ್ಕೆ ಜಾಮ್ ಆಯಿತು. ಅದನ್ನು ಗುಟ್ಟಾಗಿ ಬಿಚ್ಚಿಸಿ, ಸಿಲಿಂಡರಿನ ಒಳಮೈ ಕೊರೆಸಿ ಬೋರ್ ಮಾಡಿಸಿದರು. ಅದುವರೆಗೆ ಅವರಿಗೆ ಬೋರ್ ಎಂದರೆ ಲೈಬ್ರರಿಯ ಮಧ್ಯಾಹ್ನ ಮಾತ್ರ.

ಗ್ಯಾರೇಜಿನ ಮೇಸ್ತ್ರಿ ಸದಾ ಬಾಯಲ್ಲೊಂದು ಬೋಲ್ಟು ಕಚ್ಚಿಕೊಂಡೇ ಮಾತಾಡುವವನು. ಅವನ ಬಾಯಲ್ಲಿ ‘ಸ’ ಎಲ್ಲ ‘ಚ’ ಆಗುತ್ತಿತ್ತು. “ನೋಡಿ ಚಾರ್, ಹೊಚ ರಿಂಗು, ಹೊಚ ಚಿಲಿಂಡರು. ಅತ್ತೆ ಚೊಚೆ ಇದ್ದಂಗೆ. ಒಂದಿಷ್ಟು ಉಜ್ಜಾಡಿದ್ರೇನೇ ಹೊಂದ್ಕೊಳ್ಳೋದು. ಚಾವಿರ ಕಿಲೋಮೀಟರ್ ತನಕ ಚಾದಾ ಎಣ್ಣೆ. ಮೊದಲೇ ಆ ಜಾರೋ ಚಿಂಥೆಟಿಕ್ ಹಾಕಿದ್ರೆ ಇಬ್ರೂ ಮುಖ ತಿರುಗಿಚಿಕೊಂಡು ಜಾರ್ತಾನೇ ಇರ್ತಾರೆ.” ಆಮೇಲೆ ಬೋಲ್ಟು ಉಗುಳಿದ. ಅವನು ಬೋಲ್ಟು ಉಗುಳಿದನೆಂದರೆ ವಿಷಯ ಗಂಭೀರ. “ಒಂದೇ ವೇಗದಲ್ಲಿ ಹೋಗ್ಬೇಡಿ. ನಿಂತಲ್ಲೇ ಎಂಜಿನ್ ಓಡಿಸ್ಬೇಡಿ. ಭಾರ ಹಾಕ್ಬೇಡಿ. ಆಕ್ಸಿಲರೇಟರ್ ಪೂರ್ತಿ ಒತ್ತಲೇಬೇಡಿ.”

ಎಣ್ಣೆ ಹಾಕಿದವನು ಅವನೇ. “ಒಂದನೇ ನಂಬರ್ ಸಾದಾ, ಎರಡನೇದು ಸಿಂಥೆಟಿಕ್. ಕವರ್ ಮಾತ್ರ ಹರೀಬೇಡ” ಎಂದು ಗ್ರಂಥಪಾಲಕರು ಪಕ್ಕದಲ್ಲೇ ಕಾವಲು ನಿಂತಿದ್ದರು.

ಇವತ್ತು ಸಂಜೆ ಐದರ ರೈಲಿಗೆ ಮಾವ ಬರುವವರಿದ್ದರು, ಕಾರು ತೆಗೆದುಕೊಂಡು ಹೋಗಲು. ಮಾವನ ಕಾಲಿಗೆ ಗೊತ್ತಿದ್ದದ್ದು ಎರಡೇ: ಪೂರ್ತಿ ಆಕ್ಸಿಲರೇಟರ್, ಇಲ್ಲವೇ ಪೂರ್ತಿ ಬ್ರೇಕು. ಅಷ್ಟರೊಳಗೆ ಸಾವಿರ ಮುಗಿಸಿ ಎಣ್ಣೆ ಬದಲಿಸಲೇಬೇಕು. ಮಧ್ಯಾಹ್ನ ಒಂದಕ್ಕೆ, ರಿಪೇರಿಯಾದ ದಿನ ಸೊನ್ನೆ ಮಾಡಿಟ್ಟ ಮೀಟರು ತೋರಿಸುತ್ತಿದ್ದದ್ದು ಒಂಬೈನೂರ ಐವತ್ತೊಂಬತ್ತು. ಸಾಲದ್ದಕ್ಕೆ ನಾಲ್ಕು ದಿನದಿಂದ ಕಾರಿನ ಹಿಂದೆ ನೀಲಿ ಹೊಗೆ.

ಮೇಸ್ತ್ರಿಗೆ ರಿಂಗ್ ಮಾಡಿದರು, ರಿಂಗಿನ ವಿಷಯಕ್ಕೇ.

“ಎಣ್ಣೆ ಒಂದನೇ ನಂಬರ್‍ದೇ ತಾನೇ ಚಾರ್?”

“ನನ್ನ ಕಣ್ಣೆದುರಿಗೇ ಹಾಕಿದ್ದಲ್ವೇನಯ್ಯ!”

“ಮತ್ತೆ ಯಾಕೆ ಹೊಗೆ? ಚಾವಿರ ಮುಗಿಚಿಕೊಂಡು ಬನ್ನಿ.”

ಹೊರಡುವಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಕಂಡಕ್ಟರು ಬಾಗಿಲು ತೆಗೆದು ಹಿಂದೆ ಕೂತೇಬಿಟ್ಟರು. “ಒಬ್ರೇ ಹೋಗ್ತೀರಾ ಲೈಬ್ರರಿ ಸಾರ್? ಹಿಂದೆ ನೋಡೋಕೆ ಒಬ್ರು ಬೇಡ್ವಾ? ರೈಟ್!”

ಬೇಡ ಎನ್ನಲು ಹೊತ್ತಿರಲಿಲ್ಲ. ನಿಯಮದಂತೆ ಗ್ರಂಥಪಾಲಕರು ಗುರ್ರೆಂದು ಐವತ್ತಕ್ಕೆ ಏರಿಸಿದರು, ಉಸ್ಸೆಂದು ಇಪ್ಪತ್ತಕ್ಕೆ ಇಳಿಸಿದರು. ಇಳಿದದ್ದೇ ತಡ, ಮೂವತ್ತು ವರ್ಷದ ಅಭ್ಯಾಸಬಲದಿಂದ ಕಂಡಕ್ಟರ ಕೈ ಬಾಗಿಲಿಗೆ ಹೋಯಿತು. “ಬೇಗ ಹತ್ತಮ್ಮಾ, ಹತ್ತು, ಹತ್ತು! ರೈಟ್!”

ಹಿಟ್ಟಿನ ಮೂಟೆಯೊಂದಿಗೆ ಒಬ್ಬ ಹೆಂಗಸು ಒಳಗೆ ಬಿದ್ದಳು.

“ಏನ್ರೀ ಇದು! ಭಾರ ಹಾಕ್ಬಾರದು ಅಂದಿದಾನೆ ಮೇಸ್ತ್ರಿ!”

“ಸೀಟು ಖಾಲಿ ಇಟ್ಕೊಂಡು ಗಾಡಿ ಓಡ್ಸಿದ್ರೆ ನನಗೆ ಹೊಟ್ಟೆ ಉರಿಯುತ್ತೆ ಸಾರ್.”

ಮುಂದಿನ ಇಳಿತಕ್ಕೆ ಸೈಕಲ್ ಚಕ್ರ ಹಿಡಿದವನೊಬ್ಬ ಹತ್ತಿದ. ರೈಲ್ವೆ ಗೇಟು ಮುಚ್ಚಿತ್ತು. ನಿಂತಲ್ಲೇ ಓಡಿಸಬಾರದಲ್ಲ? ಎದುರಿನ ಖಾಲಿ ಜಾಗದಲ್ಲಿ ಗ್ರಂಥಪಾಲಕರು ಗಾಣದ ಎತ್ತಿನಂತೆ ಸುತ್ತತೊಡಗಿದರು. ಒಂಬತ್ತನೇ ಸುತ್ತಿಗೆ ಹೆಂಗಸು ಮೂಟೆ ತಬ್ಬಿಕೊಂಡು ಕಿರುಚಿದಳು: “ಅಣ್ಣಾ, ಈ ವಯ್ಯನಿಗೆ ಏನೋ ಆಗೈತೆ, ನನ್ನ ಇಳಿಸ್ರಪ್ಪೋ!” ಗೇಟಿನಲ್ಲಿ ಕಾಯುತ್ತಿದ್ದವರೆಲ್ಲ ಓಡಿಬಂದು ಕಾರಿಗೆ ಅಡ್ಡ ನಿಂತರು. ಒಬ್ಬ ಕೈ ಹಾಕಿ ಚಾವಿಯನ್ನೇ ಕಿತ್ತುಕೊಂಡ. ಬಾಯಿ ಮೂಸಿ ನೋಡಿ, ಕುಡಿದಿಲ್ಲವೆಂದು ಖಾತ್ರಿಯಾಗಿ, ಬುದ್ಧಿ ಹೇಳಿ ಚಾವಿ ಕೊಡುವಷ್ಟರಲ್ಲಿ ಮೂರೂವರೆ.

ಮೀಟರು ಸಾವಿರ ಮುಟ್ಟಿದಾಗ ನಾಲ್ಕು ಗಂಟೆ ಹತ್ತು ನಿಮಿಷ.

ಮೇಸ್ತ್ರಿ ಹಳೆ ಎಣ್ಣೆ ಇಳಿಸಿದ. ಎರಡನೇ ನಂಬರ್ ಡಬ್ಬ ಎತ್ತಿದಾಗ ಅವನ ಜಿಡ್ಡುಗೈಗೆ ಕಾಗದ ಜಾರಿ ಕಳಚಿ ಬಿತ್ತು. ಡಬ್ಬ ನೋಡಿದ. ಬೋಲ್ಟು ಉಗುಳಿದ.

“ಸಾರ್, ಇದು ಸಾದಾ ಎಣ್ಣೆ. ಹಾಗಾದ್ರೆ ಇಷ್ಟು ದಿನ ಒಳಗಿದ್ದದ್ದು?”

ಗ್ರಂಥಪಾಲಕರು ಮನೆಗೆ ಫೋನು ಮಾಡಿದರು.

“ಅದಾ? ಎಣ್ಣೆ ತಂದ ಮಾರನೇ ದಿನಾನೇ ಕವರ್ ಹರಿದಿತ್ತು ರೀ” ಎಂದಳು ಹೆಂಡತಿ. “ನೀವು ಬೈತೀರ ಅಂತ ಎರಡಕ್ಕೂ ಹೊಸದು ಹಾಕಿ ನಂಬರ್ ಬರೆದೆ. ಯಾವುದಕ್ಕೆ ಯಾವುದು ಅಂತ ಮರ್ತೋಯ್ತು. ಅಕ್ಷರ ಮಾತ್ರ ನಿಮ್ಮ ಥರಾನೇ ದುಂಡಗಿದೆ ಅಲ್ವಾ?”

ಮೇಸ್ತ್ರಿ ತಲೆಯಾಡಿಸಿದ. “ಜಾರೋ ಎಣ್ಣೇಲಿ ರಿಂಗು ಸಿಲಿಂಡರಿಗೆ ಹೊಂದ್ಕೊಂಡು ಕೂತೇ ಇಲ್ಲ. ಅದಕ್ಕೇ ಹೊಗೆ. ಈಗ ಸಾದಾನೇ ಹಾಕಿರ್ತೀನಿ. ನಾಳೆ ಬಿಚ್ಚಿ, ಮತ್ತೆ ಸೊನ್ನೆಯಿಂದ ಶುರು ಮಾಡೋಣ. ಇವತ್ತು ಮಾವನ ಕಾಲಿಗೆ ಮಾತ್ರ ಕೊಡ್ಬೇಡಿ!”

ಐದಕ್ಕೆ ರೈಲು ಬಂತು. ಮಾವ ಪೆಟ್ಟಿಗೆಯನ್ನು ಅಳಿಯನ ಕೈಗಿಟ್ಟರು, ಚಾವಿಯನ್ನು ಅಳಿಯನ ಕೈಯಿಂದ ಕಿತ್ತುಕೊಂಡರು. ಇವತ್ತು ಎಲ್ಲರಿಗೂ ಅದೇ ಚಾವಿ ಬೇಕು.

“ಮಾವ, ನಾನೇ ಓಡಿಸ್ತೀನಿ, ನೀವು ದಣಿದಿದ್ದೀರಿ...”

“ದಣಿಯೋಕೆ ರೈಲನ್ನ ನಾನು ಓಡಿಸ್ಕೊಂಡು ಬಂದೆನಾ?” ಚಾವಿ ತಿರುಗಿತು. ಹಿಂದೆ ನೀಲಿ ಮೋಡ ಎದ್ದಿತು. ಮಾವ ಕನ್ನಡಿಯಲ್ಲಿ ನೋಡಿದರು. “ಓಹೋ! ಏನು ಮಾಡಿದ್ದೀರಿ ನನ್ನ ಮಗನಿಗೆ?”

“ಅದು... ಹಾಗೇ... ಸ್ವಲ್ಪ ಶೀತ...”

ಮಾವ ಪೂರ್ತಿ ಒತ್ತಿದರು.

ಪರೀಕ್ಷೆ ಮಾಡಲೆಂದು ಮನೆಯ ದಾರಿ ಬಿಟ್ಟು ಬೆಟ್ಟದ ಬಳಸುದಾರಿ ಹಿಡಿದರು. ಎಂಜಿನ್ ಭೋರೆಂದಿತು, ಗ್ರಂಥಪಾಲಕರ ಪಾಲಿಗೆ ಜೀವನದ ಮೂರನೇ ಬೋರ್. ಪೆಟ್ಟಿಗೆ ಅಪ್ಪಿ ಕಣ್ಣು ಮುಚ್ಚಿ, ಈಗ ನಿಂತೀತು, ಈಗ ಸಿಡಿದೀತು ಎಂದು ಎಣಿಸುತ್ತ ಕೂತರು. ಏರಿನಲ್ಲಿ ಪೂರ್ತಿ ಒತ್ತು, ಇಳಿಜಾರಿನಲ್ಲಿ ಪೂರ್ತಿ ಬಿಡು. ಹೀಗೆ ಒಂದು ಗಂಟೆ. ಎಂಜಿನ್ ನಿಲ್ಲಲಿಲ್ಲ. ಕಣ್ಣು ಬಿಟ್ಟಾಗ ಕಾರು ಮನೆ ಮುಂದಿತ್ತು. ಹಿಂದೆ ಹೊಗೆಯ ಸುಳಿವೇ ಇರಲಿಲ್ಲ.

ಕಾರಿನ ಅಂತ್ಯಕ್ಕೆ ಹಾಜರಾಗಲೆಂದು ಮೇಸ್ತ್ರಿ ಗೇಟಿನಲ್ಲೇ ನಿಂತಿದ್ದ. ಕಿವಿಗೊಟ್ಟು ಕೇಳಿದ, ಬಗ್ಗಿ ನೋಡಿದ. ಆಮೇಲೆ ಗ್ರಂಥಪಾಲಕರ ಕಿವಿಯಲ್ಲಿ ಉಸುರಿದ: “ಚಾದಾ ಎಣ್ಣೆ, ಮೇಲೆ ಮಾವನ ಕಾಲಿನ ಒಳ್ಳೇ ಎಳೆತ. ಅತ್ತೆ ಚೊಚೆ ಒಂದಾಗ್ಬಿಟ್ರು ಚಾರ್! ಬಿಚ್ಚೋದೇ ಬೇಡ.”

ಗ್ರಂಥಪಾಲಕರ ಎದೆಯ ಮೇಲಿನ ಕಲ್ಲು ಇಳಿಯಿತು. ಗುಟ್ಟು ಉಳಿಯಿತು. ಇನ್ನು ಮಾವ ಕಾರು ತೆಗೆದುಕೊಂಡು ಹೊರಡುವುದೊಂದೇ ಬಾಕಿ.

ಮಾವ ಬಾನೆಟ್ ತಟ್ಟಿ, ಸೇರಿದ್ದವರಿಗೆಲ್ಲ ಕೇಳುವಂತೆ ಹೇಳಿದರು: “ನೋಡಿದ್ರಾ? ಇವರ ಕೈಲಿ ಹೊಗೆ ಕಾರ್ತಿತ್ತು. ಒಂದೇ ಗಂಟೆ ಓಡಿಸ್ದೆ, ಗುಣ ಆಯ್ತು. ತಪ್ಪು ಕಾರಿಂದಲ್ಲ, ಅಳಿಯಂದ್ರ ಕಾಲಿಂದು! ಏನಂತೀರಿ ಅಳಿಯಂದ್ರೇ?”

ಅಲ್ಲ ಎನ್ನಬೇಕಾದರೆ ಎಲ್ಲವನ್ನೂ ಹೇಳಬೇಕು. ಗ್ರಂಥಪಾಲಕರು ಹೌದೆಂದು ತಲೆಯಾಡಿಸಿದರು.

“ಇರಲಿ ಬಿಡಿ. ಕಾರು ಇಲ್ಲೇ ಇರ್ಲಿ, ನಾನೂ ಇಲ್ಲೇ ಇರ್ತೀನಿ. ದಿನಾ ಬೆಳಿಗ್ಗೆ ಐದಕ್ಕೆ ಎಬ್ಬಿಸಿ ನಿಮಗೆ ಓಡ್ಸೋದು ಕಲಿಸ್ತೀನಿ. ನೀವು ಪಳಗೋ ತನಕ ನಾನು ಅಲ್ಲಾಡಲ್ಲ!”

ಹೆಂಡತಿ ಆಗಲೇ ಹಜಾರದಲ್ಲಿ ಚಾಪೆ ಹಾಸುತ್ತಿದ್ದಳು. ಕಂಡಕ್ಟರು ಪೆಟ್ಟಿಗೆಯನ್ನು ಓದುವ ಕೋಣೆಗೆ ಸಾಗಿಸಿ, ಬಾಗಿಲು ತಟ್ಟಿ ಕೂಗಿದರು:

“ರೈಟ್!”