ಭಾವನವರ ಕರಗದ ಐಸು

ನಮ್ಮ ಭಾವನವರಂಥ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲ ಎಂದು ನಾನು ಬರೆದುಕೊಡಬಲ್ಲೆ. ಮೇ ತಿಂಗಳ ಸೆಕೆಯಲ್ಲಿ ಮುಂಡನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಬನಿಯನ್ ತೊಯ್ಯುವಷ್ಟು ಬೆವರುತ್ತಾ, ಉಕ್ಕಿನ ಅಲಗಿರುವ ಬೂಟು ಹಾಕಿಕೊಂಡು, ಸಮುದ್ರದಿಂದ ಕೂಗಳತೆಯ ದೂರದಲ್ಲಿ ಐಸಿನ ಮೇಲೆ ಜಾರುವವರನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ? ಕಂಡಿದ್ದರೆ ಹೇಳಿ, ಇಬ್ಬರನ್ನೂ ಪರಿಚಯ ಮಾಡಿಸೋಣ!

ಭಾವ ಎಂದರೆ ನನ್ನ ತಂಗಿಯ ಗಂಡ. ಗಲ್ಫಿನ ಒಂದು ದೊಡ್ಡ ಮಾಲಿನಲ್ಲಿ ಸ್ಕೇಟಿಂಗ್ ಅಂಗಳ ಗುಡಿಸುವ ಕೆಲಸದಲ್ಲಿ ಅರ್ಧ ಆಯುಷ್ಯ ಕಳೆದವರು. ಊರಿಗೆ ಬರುವವರು ಚಿನ್ನ ತರುತ್ತಾರೆ, ಟಿವಿ ತರುತ್ತಾರೆ, ಕಡೆಗೆ ಒಂದು ಕಂಬಳಿಯನ್ನಾದರೂ ತರುತ್ತಾರೆ. ಇವರು ಒಂದು ಲಾರಿ ತುಂಬ ಬಿಳಿ ಪ್ಲಾಸ್ಟಿಕ್ ಹಲಗೆಗಳನ್ನು ತಂದರು. ಅಲ್ಲಿ ಹಳತಾಯಿತೆಂದು ಕಿತ್ತುಹಾಕಿದ ಕೃತಕ ಐಸು. ಒಂದರ ಹಲ್ಲಿಗೆ ಇನ್ನೊಂದನ್ನು ಸಿಕ್ಕಿಸುತ್ತಾ ಹೋದರೆ ನೆಲವಾಗುತ್ತದೆ. ಮೇಲಿಂದ ಎಂಥದೋ ಎಣ್ಣೆಯಂಥ ದ್ರವ ಚಿಮುಕಿಸಿದರೆ ಬೂಟಿನ ಅಲಗು ಜಾರುತ್ತದೆ. ನೀರು ಬೇಡ, ಕರೆಂಟು ಬೇಡ. ಕರಗುವ ಮಾತೇ ಇಲ್ಲ.

ಅದನ್ನು ಹಾಸಲು ಜಾಗ ಎಲ್ಲಿ? ನಮ್ಮೂರು ಶಿರಿಯದಲ್ಲಿ ಮುಚ್ಚಿಹೋಗಿದ್ದ ನನ್ನ ಐಸ್ ಪ್ಲಾಂಟಿನಲ್ಲಿ! ಹತ್ತನೇ ತರಗತಿ ಮುಗಿಸಿದ್ದೇ ನಾನು ಐಸಿಗೆ ಬಿದ್ದವನು. ದೋಣಿಗಳಿಗೆ ಐಸು ಕೊಟ್ಟು ಬದುಕಿದೆ. ಬಲಗೈಯ ಅರ್ಧ ಕಿರುಬೆರಳನ್ನೂ ಐಸು ಪುಡಿಮಾಡುವ ಯಂತ್ರಕ್ಕೆ ಕೊಟ್ಟೆ. ಅಂಥ ನನ್ನ ಕಣ್ಣೆದುರೇ ಪ್ಲಾಸ್ಟಿಕ್ ಐಸು!

ಹಲಗೆ ಇಳಿಸುವುದನ್ನು ನೋಡಲು ಮೀನು ಮಾರುವ ಅಕ್ಕನೊಬ್ಬಳು ಬುಟ್ಟಿ ಸಮೇತ ಬಂದು ನಿಂತಳು.

"ಇದು ಐಸಾ ಮಾರಾಯ್ರೇ?"

"ಹೌದಕ್ಕ. ಯಾವತ್ತೂ ಕರಗುವುದಿಲ್ಲ" ಎಂದರು ಭಾವ.

"ಬಂಗುಡೆ ಇಟ್ಟರೆ?"

"ಬಂಗುಡೆ ಹಾಳಾಗ್ತದೆ."

"ಮತ್ತೆ ಎಂತ ಸಾವಿಗೆ ಇದು?" ಎಂದು ಅವಳು ಬುಟ್ಟಿ ಎತ್ತಿಕೊಂಡು ಹೊರಟೇಹೋದಳು.

ನನ್ನ ಪ್ರಶ್ನೆಯೂ ಅದೇ ಆಗಿತ್ತು. ಕೇಳಿದರೆ ಭಾವ, "ಒಬ್ಬರಿಗೆ ಮಾತು ಕೊಟ್ಟಿದ್ದೆ ಭಾವ" ಎಂದರು. ನಮ್ಮಲ್ಲಿ ಭಾವನಿಗೆ ಭಾವನೂ ಭಾವನೇ ತಾನೆ! ಯಾರಿಗೆ ಮಾತು ಕೊಟ್ಟದ್ದೆಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಹಾಸಿ ಮುಗಿಸಿದಾಗ ಆ ಕಟ್ಟಡದ ಸ್ವರೂಪವೇ ಬದಲಾಯಿತು. ಕಿಟಕಿ ಇಲ್ಲದ ಹಳೆಯ ಗೋಡೆಗಳ ನಡುವೆ ಅಷ್ಟಗಲ ಬಿಳಿ. ಬಾಗಿಲಿನಿಂದ ಬಿದ್ದ ಒಂದು ಪಟ್ಟಿ ಬಿಸಿಲು ಸಾಕು, ನೆಲವೆಲ್ಲ ಒಳಗಿನಿಂದಲೇ ಬೆಳಗಿದಂತೆ ಕಾಣುತ್ತಿತ್ತು. ಪ್ಲಾಂಟಿನ ಹಳೆಯ ನಾಯಿ ಹೊಸ್ತಿಲವರೆಗೆ ಬಂದು, ಖಾಲಿ ನೆಲವನ್ನು ನೋಡಿ, ಯಾರದೋ ನಡಿಗೆಯನ್ನು ಹಿಂಬಾಲಿಸುವಂತೆ ತಲೆ ತಿರುಗಿಸಿ, ಬಾಲ ಮಡಚಿಕೊಂಡು ಹಿಂದಕ್ಕೆ ಸರಿಯಿತು. ಆಮೇಲೆ ಅದು ಅಲ್ಲಿ ಮಲಗಲೇ ಇಲ್ಲ. ಮನುಷ್ಯರು ಒಳಗೆ ಬಂದರೆ ಸುಮ್ಮಸುಮ್ಮನೆ ಕೈಕಟ್ಟಿ ಭುಜ ಕುಗ್ಗಿಸುತ್ತಿದ್ದರು. ಕ್ಷೌರದಂಗಡಿಯವನಿಗಂತೂ ನೆಗಡಿಯೇ ಹಿಡಿಯಿತು! ಪ್ಲಾಸ್ಟಿಕ್ಕಿನಿಂದ ಶೀತವಾದ ಜಗತ್ತಿನ ಮೊದಲ ಮನುಷ್ಯ ಅವನೇ ಇರಬೇಕು.

ಮಕ್ಕಳಿಗೆ ಮಾತ್ರ ಯಾವ ಭಯವೂ ಇರಲಿಲ್ಲ. ಸಂಜೆ ಶಾಲೆ ಬಿಟ್ಟದ್ದೇ ಓಡಿ ಬರುತ್ತಿದ್ದರು. ಭಾವ ಹಳೆಯ ಬೂಟುಗಳನ್ನು ಹಂಚಿ, ದೋಸೆಯಂಥ ಕರಿ ರಬ್ಬರಿನ ಬಿಲ್ಲೆಯೊಂದನ್ನು ನೆಲಕ್ಕೆಸೆದು, ಕೋಲು ಕೊಟ್ಟು ಐಸ್ ಹಾಕಿ ಆಟ ಕಲಿಸುತ್ತಿದ್ದರು. "ಬಗ್ಗು ಮಗಾ, ಮೊಣಕಾಲು ಬಗ್ಗಿಸು!" ಎಂದು ಅವರು ಕೂಗುವುದು ಬಸ್‌ಸ್ಟ್ಯಾಂಡಿಗೆ ಕೇಳಿಸುತ್ತಿತ್ತು. ಅಷ್ಟು ಖುಷಿಯಲ್ಲಿ ಅವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಒಂದು ದಿನ ನಾನೂ ಬೂಟು ಹಾಕಿದೆ. ನಿಂತೆನೋ ಇಲ್ಲವೋ, ಮುಂದಿನ ಕ್ಷಣ ನನ್ನ ಮುಂಡು ಒಂದು ಕಡೆ, ನಾನೊಂದು ಕಡೆ! "ಐಸಿನ ಧಣಿಗೆ ಐಸಿನ ಮೇಲೆ ನಿಲ್ಲಲಿಕ್ಕೇ ಬರುವುದಿಲ್ಲ!" ಎಂದು ಮಕ್ಕಳು ಹೊರಳಾಡಿ ನಕ್ಕರು. ಸುದ್ದಿ ನನಗಿಂತ ಮೊದಲೇ ಕ್ಷೌರದಂಗಡಿ ಮುಟ್ಟಿತ್ತು. "ಧಣಿಗಳೇ, ನಿಮ್ಮ ಐಸು ಪಕ್ಕದ ಕುಂಬಳೆ ಮುಟ್ಟುವಾಗ ನೀರಾಗ್ತಿತ್ತು. ನಿಮ್ಮ ಭಾವನದ್ದು ನೋಡಿ, ಗಟ್ಟಿ ಉಂಟು" ಎಂದ ಅವನು, ಕತ್ತಿಯನ್ನು ನನ್ನ ಗಂಟಲಿಗೆ ಹಿಡಿದುಕೊಂಡೇ. ಆ ಸ್ಥಿತಿಯಲ್ಲಿ ಯಾರು ಎದುರಾಡುತ್ತಾರೆ? ಆದರೆ ಮಾತು ಒಳಗೆ ಇಳಿದು ಕೊಳೆಯಿತು.

ಇನ್ನು ಹೇಳುವುದು ಇಷ್ಟು ವರ್ಷ ಒಬ್ಬರಿಗಲ್ಲದೆ ಬೇರೆ ಯಾರಿಗೂ ಹೇಳದ್ದು.

ಬೂಟಿನ ಅಲಗು ಹಲಗೆಯನ್ನು ಕೆರೆದು ಅಕ್ಕಿಹಿಟ್ಟಿನಂಥ ಬಿಳಿ ಪುಡಿ ಎಬ್ಬಿಸುತ್ತದೆ. ಭಾವ ದಿನಾಲೂ ಸಂಜೆ ಮಕ್ಕಳು ಬರುವ ಮೊದಲು ಅದನ್ನು ಗುಡಿಸುತ್ತಿದ್ದರು. ಒಂದು ಮಟಮಟ ಮಧ್ಯಾಹ್ನ, ನಮ್ಮ ಕಡೆ ಹಿರಿಯರು ಮಕ್ಕಳನ್ನು ಹೊರಗೆ ಬಿಡದ ಆ ಹೊತ್ತಿನಲ್ಲಿ, ನಾನು ಒಳಗೆ ಹೋದೆ. ಪುಡಿಯ ಮೇಲೆ ನನ್ನ ಕಾಲ್ಗುರುತು ಬೀಳದಂತೆ ಮರದ ಉದ್ದ ಹಲಗೆಯೊಂದನ್ನು ನೂಕಿ, ಅದರ ಮೇಲೆ ಹೊಟ್ಟೆಯಡಿಯಾಗಿ ಮಲಗಿ, ಅಂಗಳದ ನಟ್ಟನಡುವಿಗೆ ಬಲಗೈ ಚಾಚಿದೆ. ಅಷ್ಟಮಿಯ ದಿನ ಕೃಷ್ಣನ ಪಾದ ಬಿಡಿಸುವುದನ್ನು ಅಮ್ಮ ಕಲಿಸಿದ್ದಳು. ಮುಷ್ಟಿಯ ಅಂಚು ಒತ್ತಿದರೆ ಪಾದ, ಬೆರಳ ತುದಿ ಒತ್ತಿದರೆ ಕಾಲ್ಬೆರಳು. ಹಾಗೆಯೇ ಒತ್ತಿದೆ. ಬರುವ ದಾರಿಯೂ ಇಲ್ಲದ, ಹೋಗುವ ದಾರಿಯೂ ಇಲ್ಲದ, ಚಿಕ್ಕ ಮಗುವಿನ ಒಂದು ಹೆಜ್ಜೆ. ಒಂದೇ ಒಂದು. ಕಂಡರೆ ಭಾವ ಗುಡಿಸಲಾರರು, ಮಕ್ಕಳು ಹೆದರಿ ಓಡಲಿ ಎಂಬುದಷ್ಟೇ ಯೋಚನೆ. ಮನೆಗೆ ಹೋಗಿ ಗಂಜಿ ಉಂಡು ಮಲಗಿದೆ. ನಿದ್ದೆಯೂ ಬಂತು!

ಸಂಜೆ ಕಿರಿಚಾಟ ಕೇಳಿ ಎದ್ದು ಹೋದೆ. ಊರೇ ನೆರೆದಿತ್ತು. ಮೊಬೈಲುಗಳೆಲ್ಲ ಅಂಗಳದ ನಡುವಿಗೆ ತಿರುಗಿದ್ದವು. ನಾನು ಗಂಭೀರವಾಗಿ ಮುಂದೆ ಹೋಗಿ ಬಗ್ಗಿ ನೋಡಿದೆ.

ಎರಡು ಹೆಜ್ಜೆಗಳಿದ್ದವು.

ಎಡ ಮತ್ತು ಬಲ, ಜೊತೆಯಾಗಿ, ಒಂದು ಮಗು ನಿಂತು ನಮ್ಮನ್ನೇ ನೋಡುತ್ತಿರುವ ಹಾಗೆ. ಊರವರೆಲ್ಲ ಒಂದು ಪಾಲು ಹೆದರಿದ್ದರೆ ನಾನು ನೂರು ಪಾಲು ಹೆದರಿದೆ. ಒತ್ತಿದ್ದು ಒಂದೇ ಎಂಬುದು ಅಲ್ಲಿ ನನಗಲ್ಲದೆ ಇನ್ಯಾರಿಗೆ ಗೊತ್ತಿತ್ತು?

ಆಗ ನನ್ನ ತಂಗಿ ಬಾಗಿಲ ಚೌಕಟ್ಟು ಹಿಡಿದುಕೊಂಡು, ಮೆಲ್ಲಗೆ, "ಅಣ್ಣ, ನಮ್ಮ ಮಗುವಿನ ಕಾಲು ಇಷ್ಟೇ ಇತ್ತಲ್ಲ" ಎಂದಳು.

ನನಗೆ ನೆಲ ಜಾರಿದ್ದು ಆಗ. ಅವರಿಗೊಬ್ಬಳು ಮಗಳಿದ್ದಳು. ಭಾವ ಗಲ್ಫಿನಲ್ಲಿರುವಾಗ ಜ್ವರ ಬಂದು ತೀರಿಕೊಂಡಳು. ಇನ್ನೂ ಮಾತು ತೊದಲುವ ಪ್ರಾಯ. ಮಣ್ಣಿಗೂ ಅವರಿಗೆ ಬರಲಾಗಲಿಲ್ಲ. ಕಡೆಯ ಸಲ ಫೋನಿನಲ್ಲಿ, ಮೇಲೆ ನಡೆದಾಡಲಿಕ್ಕಾಗುವ ಐಸು ತಂದುಕೊಡುತ್ತೇನೆ ಮಗಾ ಎಂದಿದ್ದರಂತೆ. ಮಾತು ಕೊಟ್ಟದ್ದು ಅವಳಿಗೆ! ಅವಳನ್ನು ಎತ್ತಿ ಆಡಿಸಿದ ಸೋದರಮಾವ ನಾನು. ಪುಡಿಯಲ್ಲಿ ಮುಷ್ಟಿ ಒತ್ತುವಾಗ ಅವಳ ನೆನಪೇ ನನಗೆ ಬರಲಿಲ್ಲ.

ಮರುದಿನದಿಂದ ಮಕ್ಕಳು ಬರಲಿಲ್ಲ. ಭಾವ ಯಾರನ್ನೂ ಕರೆಯಲಿಲ್ಲ. ಆ ಹೆಜ್ಜೆಗಳ ಮೇಲೆ ಕೋಳಿ ಮುಚ್ಚುವ ಬುಟ್ಟಿಯೊಂದನ್ನು ಕವುಚಿಟ್ಟು, ಅದರ ಸುತ್ತ ಒಬ್ಬರೇ ಜಾರತೊಡಗಿದರು. ಮಧ್ಯಾಹ್ನ ಪ್ಲಾಂಟಿನ ಹಿಂದೆ ನಿಂತರೆ ಸರ್ರ್... ಸರ್ರ್... ಎಂದು ಕೇಳಿಸುತ್ತಿತ್ತು. ಕೆಲವು ಸಲ ಅದರ ಬೆನ್ನಿಗೇ ಇನ್ನೊಂದು, ಹಗುರವಾಗಿ, ಸರ್ರ್. ಗೋಡೆಯ ಪ್ರತಿಧ್ವನಿ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ದಿನ ಬಾಗಿಲ ಸಂದಿಯಿಂದ ಇಣುಕಿದೆ. ಭಾವ ಒಂದು ಕೈಯನ್ನು ಪಕ್ಕಕ್ಕೆ, ಕೆಳಗೆ, ಮೊಣಕಾಲಿನ ಮಟ್ಟಕ್ಕೆ ಚಾಚಿ, ಬೆರಳು ಮಡಚಿ ಜಾರುತ್ತಿದ್ದರು. ಯಾರದೋ ಕೈ ಹಿಡಿದವರ ಹಾಗೆ.

ನಮ್ಮ ಕಡೆ ಸತ್ತ ಮಕ್ಕಳೂ ಆಚೆ ಲೋಕದಲ್ಲಿ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದರೆಂದು ಲೆಕ್ಕ ಹಾಕಿ, ಹಾಗೆಯೇ ತೀರಿಕೊಂಡ ವರನನ್ನು ಹುಡುಕಿ ಮದುವೆ ಮಾಡಿಸುವವರಿದ್ದಾರೆ. ಇದನ್ನೇಕೆ ಹೇಳಿದೆನೆಂದರೆ, ಮರುವರ್ಷ ಇಣುಕಿದಾಗ ಭಾವನವರ ಕೈ ತುಸು ಮೇಲೆ ಬಂದಿತ್ತು. ಅದರ ಮರುವರ್ಷ ಇನ್ನೂ ತುಸು. ಸೊಂಟದ ಮಟ್ಟ ದಾಟಿತೆಂದಾದಾಗ ನನ್ನಿಂದ ತಡೆಯಲಾಗಲಿಲ್ಲ. ಬಾಗಿಲು ನೂಕಿ ಒಳಗೆ ಹೋದೆ.

"ಭಾವ, ಆ ಹೆಜ್ಜೆ ನಾನು ಒತ್ತಿದ್ದು" ಎಂದೆ.

ಅವರು ನಿಂತರು. "ಗೊತ್ತುಂಟು."

"ಎಂತ?"

"ನಿಮ್ಮ ಕಿರುಬೆರಳು ಅರ್ಧವೇ ಅಲ್ಲವಾ ಭಾವ? ಪಾದದ ಅಂಚಲ್ಲಿ ಅಷ್ಟು ಜಾಗ ಒತ್ತದೆ ಉಳಿದಿತ್ತು. ಗುಡಿಸಲಿಕ್ಕೆ ಬಂದಾಗಲೇ ನೋಡಿದೆ."

"ನಾನು ಒಂದೇ ಒತ್ತಿದ್ದು ಭಾವ. ದೇವರಾಣೆ. ಇನ್ನೊಂದು?"

"ಅದು ನಾನು" ಎಂದರು. "ಗುಡಿಸಲಿಕ್ಕೆ ಹೊರಟವನು ಹಿಡಿಸೂಡಿ ಬಿಟ್ಟೆ. ಮಗು ಒಂದೇ ಕಾಲಲ್ಲಿ ಎಷ್ಟು ಹೊತ್ತಂತ ನಿಲ್ತದೆ?"

"ನನ್ನಿಂದಾಗಿ ಆ ಮಕ್ಕಳೆಲ್ಲ ಬರುವುದು ನಿಂತಿತು" ಎಂದೆ.

"ಅದಕ್ಕೆ ಬೇಜಾರು ಉಂಟು. ಇಲ್ಲ ಅಂತ ಹೇಳುವುದಿಲ್ಲ." ಆಮೇಲೆ ಮೂಲೆಯಿಂದ ಒಂದು ಜೊತೆ ಬೂಟು ತಂದು ನನ್ನ ಮುಂದಿಟ್ಟರು. "ಹಾಕಿ. ಈ ಸಲ ಬೀಳಲಿಕ್ಕೆ ಬಿಡುವುದಿಲ್ಲ."

ಈ ವಯಸ್ಸಿನಲ್ಲಿ! ಆದರೂ ಹಾಕಿದೆ. ಗೋಡೆ ಹಿಡಿದು ಎದ್ದು ನಿಂತಾಗ ಭಾವ ತಮ್ಮ ಪಕ್ಕದ ಖಾಲಿ ಜಾಗಕ್ಕೆ ತುಸು ಬಾಗಿ, "ಮಾವ ಬಂದಿದ್ದಾರೆ ನೋಡು. ಆ ಕೈ ಅವರಿಗೆ ಕೊಡು" ಎಂದರು.

ನಾನು ಗೋಡೆ ಬಿಟ್ಟು ಕೈ ಚಾಚಿದೆ. ಅವಳನ್ನು ಕೊನೆಯ ಸಲ ನಡೆಸಿದ ನೆನಪಿನಲ್ಲಿ, ಕೆಳಗೆ, ಮೊಣಕಾಲಿನ ಮಟ್ಟಕ್ಕೆ.

ಭಾವ ನನ್ನ ಕೈಯನ್ನು ಹಿಡಿದು ಮೆಲ್ಲಗೆ ಮೇಲಕ್ಕೆತ್ತಿದರು.

"ಅಷ್ಟು ಕೆಳಗೆ ಅಲ್ಲ ಭಾವ. ಬೆಳೆದಿದ್ದಾಳೆ."