ಬೀಗರು ಬಂದ ದಿನ ಫೋನು ಆಡಿದ ಮಾತು

ಪಾಂಗ್ ದೆಶುನ್ ಸೋಯಾ ಹಾಲು ಒಡೆಸಿ ಮಾಡಿದ ಬೆಳಗಿನ ತೋಫುವಿಗೆ ಇನ್ನೂ ಚಾಕು ಹಾಕಿರಲಿಲ್ಲ. ಪಕ್ಕದ ಮನೆಯ ಯಾನ್ ಚಿಕ್ಕಮ್ಮ ಸೊಪ್ಪಿನ ಬುಟ್ಟಿಯನ್ನೂ ಇಳಿಸದೆ ಅಂಗಡಿಗೆ ಓಡಿಬಂದಳು.

“ಏನಪ್ಪಾ ದೆಶುನ್, ಎರಡು ತುಂಡು ತೋಫು ಎತ್ತಿಡು ಅನ್ನೋಣ ಅಂತ ಫೋನ್ ಮಾಡಿದ್ರೆ, ಯಾವಳೋ ಹೆಂಗಸು ನಂಗೇ ಬುದ್ಧಿ ಹೇಳ್ತಾಳಲ್ಲೋ!”

“ಏನಂತೆ?”

“‘ನೀವು ಕರೆ ಮಾಡುತ್ತಿರುವ ವ್ಯಕ್ತಿ ಸಾಲ ತೀರಿಸುವುದಾಗಿ ನ್ಯಾಯಾಲಯಕ್ಕೆ ಮಾತು ಕೊಟ್ಟು ತಪ್ಪಿದ್ದಾರೆ. ದಯವಿಟ್ಟು ಅವರಿಗೆ ತಿಳಿಹೇಳಿ.’ ಅದಕ್ಕೇ ಹೇಳೋಕೆ ಬಂದೆ. ಸಾಲ ತೀರಿಸಪ್ಪಾ. ಈಗ ತೋಫು ಕೊಡು.”

ದೆಶುನ್ ಎದುರಿನ ಕ್ಷೌರದಂಗಡಿಯ ಗೆ ಮಾಮನ ಫೋನು ಕಸಿದು ತನ್ನ ನಂಬರಿಗೆ ತಾನೇ ಕರೆ ಮಾಡಿದ. ಎಡಗೈಯಲ್ಲಿ ತನ್ನ ಫೋನು ಇಂಪಾಗಿ ಹಾಡಿತು. ಬಲಗಿವಿಯಲ್ಲಿ, ನ್ಯಾಯಾಲಯ ರಿಂಗಿನ ಬದಲಿಗೆ ಕೂರಿಸಿದ್ದ ಆ ಹೆಂಗಸಿನ ದನಿ ಅವನ ಮಾನ ಹರಾಜು ಹಾಕಿತು. ಊರಿಗೆಲ್ಲ ಕೇಳುವ ಮಾತು ಫೋನಿನ ಒಡೆಯನಿಗೆ ಮಾತ್ರ ಕೇಳದು!

ತಪ್ಪು ಅವನದೇ. ಸೋಯಾ ಕಾಳಿನ ವ್ಯಾಪಾರಿಯ ಸಾಲವನ್ನು ಚಂದ್ರನ ಹಬ್ಬದೊಳಗೆ ತೀರಿಸುತ್ತೇನೆಂದು ನ್ಯಾಯಾಧೀಶರ ಮುಂದೆ ಒಪ್ಪಿ ಬಂದಿದ್ದ. ಹಣ ಕೈಗೂ ಬಂತು. ಅಷ್ಟರಲ್ಲಿ ಮಗಳು ಯೂಚಿನ್‌ಗೆ ಸಂಬಂಧ ಕೂಡಿಬಂತು. ಬೀಗರ ಮುಂದೆ ಮಾನ ಉಳಿಯಬೇಡವೇ? ಹಣವೆಲ್ಲ ಸುಣ್ಣಬಣ್ಣಕ್ಕೆ, ಹೊಸ ಬಾಗಿಲಿಗೆ ಹೋಯಿತು. “ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡೋ ಕಾಣಿಕೆ ಬರಲಿ, ಅದರಲ್ಲೇ ಸಾಲ ತೀರಿಸ್ತೀನಿ ಕಣೇ” ಎಂದು ತೀರಿಕೊಂಡ ಹೆಂಡತಿಯ ಪಟದ ಮುಂದೆ ಊದುಬತ್ತಿ ಹಚ್ಚಿ ಹೇಳಿದ್ದ. ಬದುಕಿದ್ದಾಗ ಒಂದು ಗಳಿಗೆಯೂ ಸುಮ್ಮನಿರದವಳು ಈಗ ಸುಮ್ಮನಿದ್ದಳು. ಅದನ್ನೇ ಒಪ್ಪಿಗೆ ಎಂದುಕೊಂಡ.

ಬೀಗರು ಬರುವುದು ಇವತ್ತೇ! ರೈಲಿಳಿದು ಒಂದು ಫೋನು ಮಾಡಿದರೆ ಮಗಳ ಮದುವೆ ಅಲ್ಲಿಗೇ ಮುಗಿಯಿತು.

ದೆಶುನ್ ನಿಲ್ದಾಣಕ್ಕೆ ಓಡಿದ. ಹೆಂಗಸು ಬಾಯಿ ತೆರೆಯುವ ಮೊದಲೇ ಕರೆ ಎತ್ತಬೇಕೆಂದು ಫೋನನ್ನು ಮುಷ್ಟಿಯಲ್ಲಿ ಹಿಡಿದು ನಿಂತ. ಅದು ಚಿಲಿಪಿಲಿ ಎಂದೊಡನೆ ಹಲ್ಲಿಯ ಮೇಲೆ ಬೆಕ್ಕು ಎರಗಿದಂತೆ ಎರಗಿದ.

“ಬೀಗರೇ?”

“ನಾನಯ್ಯಾ, ಗೆ ಮಾಮ. ಛೇ, ಇಷ್ಟು ಬೇಗ ಎತ್ತಬೇಡ್ವೋ! ಇಲ್ಲಿ ಎಲ್ರೂ ಕೇಳೋಕೆ ಕೂತಿದಾರೆ. ಇನ್ನೊಂದ್ಸಲ ಮಾಡ್ತೀನಿ, ಸುಮ್ನಿರು.”

ಆಮೇಲೆ ಕೇರಿಗೆ ಕೇರಿಯೇ ಕರೆ ಮಾಡತೊಡಗಿತು. ದೆಶುನ್ ಸದ್ದು ಅಡಗಿಸಿ, ಬರೀ ನಡುಗುವಂತೆ ಮಾಡಿ ಫೋನನ್ನು ಜೇಬಿಗೆ ತುರುಕಿದ.

ವೇಗದ ರೈಲು ಬಂದು ಹೋಯಿತು, ಬೀಗರ ಸುಳಿವಿಲ್ಲ. ಬಹಳ ಹೊತ್ತಿನ ಮೇಲೆ ಏದುಸಿರು ಬಿಡುತ್ತ ಬಂದ ಹಳೆಯ ನಿಧಾನದ ರೈಲಿನಿಂದ ಬೀಗ ತಾನ್ ಯೊಂಗ್ಫು, ಮಗ ಶಿಯಾಂಗ್‌ನೊಡನೆ, ಹಿಂಡಿದ ಬಟ್ಟೆಯಂತೆ ಇಳಿದ.

“ವೇಗದ ರೈಲಲ್ಲಿ ಬರಬಾರ್ದಿತ್ತೇ ಬೀಗರೇ?”

“ಅಯ್ಯೋ, ಅದ್ರಲ್ಲಿ ಹೊಲ, ಹೊಳೆ ಏನೂ ಕಾಣಲ್ಲ ಬೀಗರೇ!”

ಎಂಥ ಸರಳ ಮನುಷ್ಯ! ಫೋನನ್ನೂ ಮಾಡಲಿಲ್ಲ! ದೆಶುನ್‌ಗೆ ಕುಣಿಯುವಂತಾಯಿತು.

ಊಟಕ್ಕೆ ಯಾನ್ ಚಿಕ್ಕಮ್ಮನೂ ಕರೆಯದೆಯೇ ಬಂದು ಕೂತಳು. ಮದ್ಯದ ಬಟ್ಟಲು ತಾಗಿಸುವಾಗ ಗೌರವ ಕೊಡುವವನ ಬಟ್ಟಲು ಕೆಳಗಿರಬೇಕಲ್ಲ, ದೆಶುನ್ ತನ್ನದನ್ನು ತಗ್ಗಿಸಿದ. ತಾನ್ ಇನ್ನೂ ತಗ್ಗಿಸಿದ. ತಗ್ಗಿಸುತ್ತ ತಗ್ಗಿಸುತ್ತ ಬೀಗರಿಬ್ಬರೂ ಮೇಜಿನ ಕೆಳಗೆ ಹೋದರು.

“ಹೊರಗೆ ಬನ್ನಿ ಅಪ್ಪಾ, ಮೀನು ಬೆಂದಿದೆ!” ಎಂದಳು ಯೂಚಿನ್.

ದೆಶುನ್ ಅಡುಗೆಮನೆಗೆ ಹೋಗಿ ಮೀನಿನ ತಟ್ಟೆ ಎತ್ತಿದ್ದಷ್ಟೇ, ಊಟದ ಕೋಣೆಯಿಂದ ಆ ದನಿ ಗಟ್ಟಿಯಾಗಿ ಕೇಳಿತು: “ನೀವು ಕರೆ ಮಾಡುತ್ತಿರುವ ವ್ಯಕ್ತಿ ಸಾಲ ತೀರಿಸುವುದಾಗಿ ನ್ಯಾಯಾಲಯಕ್ಕೆ ಮಾತು ಕೊಟ್ಟು ತಪ್ಪಿದ್ದಾರೆ...”

ಜೇಬಿನಲ್ಲಿ ನಡುಗುತ್ತಿರುವುದು ಫೋನೋ ತೊಡೆಯೋ ಅವನಿಗೇ ತಿಳಿಯಲಿಲ್ಲ. ತಟ್ಟೆ ಹಿಡಿದೇ ಒಳಗೆ ನುಗ್ಗಿದ.

“ಹೌದು ಬೀಗರೇ! ನಾನೇ ಆ ಪಾಪಿ! ಸಾಲಕ್ಕಿಟ್ಟ ಹಣದಲ್ಲಿ ಗೋಡೆಗೆ ಬಣ್ಣ ಹೊಡೆಸಿದೆ. ನೀವು ಕೊಡೋ ಕಾಣಿಕೇಲಿ ಸಾಲ ತೀರಿಸೋಣ ಅಂತಿದ್ದೆ. ನನ್ನ ಬೈಯಿರಿ, ಹುಡುಗೀನ ಬಿಡಬೇಡಿ!”

ಎಲ್ಲರೂ ಬಾಯಿ ತೆರೆದು ಕೂತಿದ್ದರು. ಮೀನೂ ಕೂಡ.

“ನಿನಗ್ಯಾರು ಫೋನ್ ಮಾಡಿದ್ರೋ?” ಎಂದಳು ಚಿಕ್ಕಮ್ಮ. “ಬೀಗರ ಫೋನು ಕಾಣ್ತಿರಲಿಲ್ಲ. ಹುಡುಗ ನಂಬರ್ ಹೇಳ್ದ, ಹುಡುಕೋಣ ಅಂತ ನಾನು ಸ್ಪೀಕರ್ ಹಾಕಿ ಅದಕ್ಕೆ ಮಾಡಿದ್ದು.”

ಮೇಜಿನ ಕೆಳಗೆ ಫೋನು ಹುಡುಕುತ್ತಿದ್ದ ತಾನ್ ಯೊಂಗ್ಫುವಿನ ತಲೆ ನಿಧಾನವಾಗಿ ಮೇಲೆ ಬಂತು. ಕೈಯಲ್ಲಿ ಅವನ ಫೋನು ಸದ್ದಿಲ್ಲದೆ ಮಿನುಗುತ್ತಿತ್ತು.

“ನ್ಯಾಯಾಲಯಕ್ಕೆ ಕೊಟ್ಟ ಮಾತಿಗೆ ತಪ್ಪಿದವರಿಗೆ ವೇಗದ ರೈಲಿನ ಟಿಕೆಟ್ಟೂ ಕೊಡಲ್ಲ ಬೀಗರೇ,” ಎಂದ. ಆಮೇಲೆ ದನಿ ತಗ್ಗಿಸಿ, “ಸೊಸೆ ತರೋ ಹಣದಲ್ಲಿ ಕಟ್ತೀನಿ ಅಂತ ನಾನೂ ನ್ಯಾಯಾಧೀಶರಿಗೆ ಹೇಳಿಬಂದಿದೀನಿ.”

ಯೂಚಿನ್ ಶಿಯಾಂಗ್‌ನನ್ನು ನೋಡಿದಳು. ಅವನು ತಲೆಯಾಡಿಸಿದ.

“ನಮ್ಮ ಮದುವೆ ಆಗತ್ತೆ,” ಎಂದಳು. “ಆ ಕಡೆಯಿಂದ ಕಾಣಿಕೆ ಬೇಡ, ಈ ಕಡೆಯಿಂದ ಹಣ ಬೇಡ. ನಿಮ್ಮ ನಿಮ್ಮ ಸಾಲ ದುಡಿದು ತೀರಿಸಿ.”

ಪಟದೊಳಗಿನ ತಾಯಿಯೇ ಬಾಯಿಬಿಟ್ಟಂತಿತ್ತು.

ಮರುದಿನ ನಿಧಾನದ ರೈಲಿರಲಿಲ್ಲ. ನಸುಕಿನಲ್ಲಿ ಬೀಗರಿಬ್ಬರೂ ಬೀಸುವ ಕಲ್ಲಿನ ಎರಡು ಬದಿ ಹಿಡಿದು ಸೋಯಾ ಬೀಸುತ್ತಿದ್ದರು. ಜೇಬಿನಲ್ಲಿ ಫೋನು ನಡುಗಿತು. ದೆಶುನ್ ತಾನ್‌ನನ್ನು ನೋಡಿದ. ತಾನ್ ಕಲ್ಲನ್ನು ನೋಡಿದ.

ಗೋಡೆಯಾಚೆಯಿಂದ ಯಾನ್ ಚಿಕ್ಕಮ್ಮ ಕೂಗಿದಳು: “ಎತ್ತೋ ಮಾರಾಯ! ತೋಫು ಕೇಳೋಣ ಅಂದ್ರೆ ಬೆಳಿಗ್ಗೆಬೆಳಿಗ್ಗೆ ಅವಳ ಪಾಠ ನಾನ್ಯಾಕೆ ಕೇಳಬೇಕು!”